ಎರಡು ಕೈ, ಎರಡು ಮದ್ದು

ಕಳೆದ ವರ್ಷ ಗೌರಿಹಬ್ಬದ ಹಿಂದಿನ ದಿನ ಈಳಿಗೆಮಣೆಯ ಮೇಲೆ ಕೂತು ಸಿಹಿಗುಂಬಳ ಹೆಚ್ಚುತ್ತಿದ್ದೆ. ಬೀದಿಬಾಗಿಲಲ್ಲಿ ಯಾರೋ ಕೂಗಿದರೆಂದು ತಲೆ ಎತ್ತಿದ್ದೇ ತಡ, ಎಡಗೈ ಹೆಬ್ಬೆರಳು ಕುಯ್ದುಹೋಯಿತು. ಹೊಲಿಗೆ ಹಾಕಿಸುವಷ್ಟು ದೊಡ್ಡ ಗಾಯವೇನಲ್ಲ. ಆದರೂ ಹಬ್ಬದ ಮನೆ, ಕೇಳಬೇಕೆ? ಗಾಯ ಒಂದು, ವೈದ್ಯರು ಐವರು. ಕೆಲಸದವಳು, "ಕಾಫಿಪುಡಿ ಒತ್ತಿ ಅಮ್ಮಾ, ರಕ್ತ ಗಕ್ಕಂತ ನಿಲ್ಲುತ್ತೆ" ಎಂದು ಡಬ್ಬಿಯನ್ನೇ ತಂದಳು. ಸೊಸೆ ಅದನ್ನು ತೊಳೆಸಿ ಪ್ಲಾಸ್ಟರು ಅಂಟಿಸಿದಳು. ನಮ್ಮ ಯಜಮಾನರು ಹಳೇ ಕಾಲದವರು, ಉರಿಯದ ಮದ್ದು ಮದ್ದೇ ಅಲ್ಲ ಎನ್ನುವವರು. ಪ್ಲಾಸ್ಟರು ಬಿಚ್ಚಿಸಿ ಟಿಂಚರು ಹಾಕಿದರು. ಸಂಜೆ ಪಕ್ಕದ ಮನೆಯಾಕೆ ಲೋಳೆಸರದ ತುಂಡು ತಂದುಕೊಟ್ಟರು. ರಾತ್ರಿ ಎಲ್ಲರೂ ಮಲಗಿದ ಮೇಲೆ ನಾನು ಯಾರಿಗೂ ಕಾಣದಂತೆ ಎದ್ದು ನಮ್ಮಜ್ಜಿಯ ಮದ್ದಾದ ಅರಿಶಿನ ತುಪ್ಪ ಹಚ್ಚಿಕೊಂಡೆ.

ಎಂಟನೆಯ ದಿನಕ್ಕೆ ಗಾಯ ಕೂಡಿತು. "ನೋಡಿದ್ರಾ, ಕಾಫಿಪುಡಿ ಗುಣ" ಎಂದಳು ಕೆಲಸದವಳು. "ಪ್ಲಾಸ್ಟರು ಹಾಕಿದ್ದರಿಂದ ನೀರು ಬೀಳಲಿಲ್ಲ ಅತ್ತೆ" ಎಂದಳು ಸೊಸೆ. ಹೀಗೆ ಐದು ಜನರೂ ಅವರವರ ಮದ್ದಿಗೆ ಅವರವರೇ ಸರ್ಟಿಫಿಕೇಟು ಕೊಟ್ಟುಕೊಂಡೆವು. ಪಾಪ, ಹಗಲೂ ರಾತ್ರಿ ದುಡಿದು ತನ್ನ ಎರಡು ಅಂಚನ್ನೂ ಕೂಡಿಸಿಕೊಂಡದ್ದು ಹೆಬ್ಬೆರಳು. ಅದಕ್ಕೆ ಯಾರೂ ಒಂದು ಒಳ್ಳೆಯ ಮಾತು ಹೇಳಲಿಲ್ಲ.

ಅಂದಿನಿಂದ ಒಂದು ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಸುಮ್ಮನೆ ಬಿಟ್ಟರೂ ವಾಸಿಯಾಗುವ ಗಾಯಕ್ಕೆ ಮದ್ದು ಹಚ್ಚಿದರೆ, ಆ ಮದ್ದು ಕೆಲಸ ಮಾಡಿತೋ ಇಲ್ಲವೋ ಎಂದು ತಿಳಿಯುವುದು ಹೇಗೆ? ನೋಡಲು ಸಣ್ಣ ಪ್ರಶ್ನೆ. ಆದರೆ ಇದಕ್ಕೆ ಉತ್ತರ ಹುಡುಕಿದವರ ಚರಿತ್ರೆ ದೊಡ್ಡದು. ಅದರ ಒಂದು ಎಳೆ ನಮ್ಮಜ್ಜಿಯ ಊರಾದ ನಂಜನಗೂಡಿನಲ್ಲಿ ಸಿಕ್ಕಿತು. ಇನ್ನೊಂದು ಎಳೆ ನನ್ನ ಸೋದರತ್ತೆ ಬಾಳಿದ ತಿರುಮಕೂಡಲು ನರಸೀಪುರದಲ್ಲಿ, ಒಂದು ಗೋಡೆಯ ಮೇಲೆ ಇತ್ತು.

ನಂಜನಗೂಡಿನವರಿಗೆ ನಂಜು ಎಂಬ ಮಾತು ಹುಟ್ಟಿನಿಂದಲೇ ಬರುತ್ತದೆ. ಹಾಲಾಹಲ ಕುಡಿದು ಕೊರಳಲ್ಲಿ ಹಿಡಿದಿಟ್ಟ ಶಿವ ಅಲ್ಲಿ ನಂಜುಂಡ, ಶ್ರೀಕಂಠ. ಮನೆಗೊಬ್ಬ ನಂಜುಂಡ, ಬೀದಿಗೊಬ್ಬಳು ನಂಜಮ್ಮ. ಅದೇ ಮಾತು ಗಾಯಕ್ಕೂ ಸಲ್ಲುತ್ತದೆ. ಗಾಯ ಕೆಂಪಗಾಗಿ ಊದಿ ಕೀವು ಕಟ್ಟಿದರೆ "ನಂಜಾಯಿತು" ಎನ್ನುತ್ತೇವೆ. ಬದನೆಕಾಯಿ, ಕುಂಬಳಕಾಯಿ ತಿನ್ನಬೇಡ, ನಂಜು ಎನ್ನುತ್ತೇವೆ. 1867ರಲ್ಲಿ ಜೋಸೆಫ್ ಲಿಸ್ಟರ್ ಎಂಬ ಶಸ್ತ್ರವೈದ್ಯ, ಗಾಯ ಕೊಳೆಯುವುದು ಕಣ್ಣಿಗೆ ಕಾಣದ ಜೀವಿಗಳಿಂದ ಎಂದು ಕಾರ್ಬಾಲಿಕ್ ಆಮ್ಲದಿಂದ ಗಾಯ ತೊಳೆದ ವೃತ್ತಾಂತವನ್ನು ಪ್ರಕಟಿಸಿದ. ಮುಂದೆ ಆಂಟಿಸೆಪ್ಟಿಕ್ ಎಂಬುದಕ್ಕೆ ಕನ್ನಡದ ಮಾತು ಬೇಕಾದಾಗ ನಮ್ಮವರು ಬಹಳ ತಡಕಾಡಬೇಕಾಗಲಿಲ್ಲ. ನಂಜುನಿರೋಧಕ ಎಂದರು. ನಮ್ಮಜ್ಜಿಗೂ ಕೂಡಲೇ ತಿಳಿಯುವಂಥ ಮಾತು ಅದು.

ಆ ದೇವರನ್ನು ಟಿಪ್ಪು ಸುಲ್ತಾನ 'ಹಕೀಂ ನಂಜುಂಡ' ಎಂದು ಕರೆದ ಕತೆ ಎಲ್ಲರಿಗೂ ಗೊತ್ತು. ಪಟ್ಟದಾನೆಗೆ ಕಣ್ಣು ಕಾಣದಂತಾಯಿತಂತೆ. ನಂಜುಂಡೇಶ್ವರನ ಸನ್ನಿಧಿಯಲ್ಲಿ ಪೂಜೆ ಮಾಡಿಸಿದಾಗ ದೃಷ್ಟಿ ಬಂತಂತೆ. ಸುಲ್ತಾನ ಸಂತೋಷದಿಂದ ಪಚ್ಚೆಲಿಂಗ ಒಪ್ಪಿಸಿದನಂತೆ. ನಾನು ಚಿಕ್ಕವಳಿದ್ದಾಗ ಮೊಣಕಾಲು ತರಚಿಕೊಂಡು ಅಳುತ್ತ ಬಂದರೆ ಅಜ್ಜಿ, "ಆನೆ ಕಣ್ಣನ್ನೇ ವಾಸಿ ಮಾಡಿದೋನಿಗೆ ನಿನ್ನ ಮಂಡಿ ಯಾವ ಲೆಕ್ಕ, ಸುಮ್ನಿರೇ" ಎನ್ನುತ್ತಿದ್ದಳು. ಹಾಗೆನ್ನುತ್ತಲೇ ಹಿತ್ತಿಲಿಗೆ ಹೋಗಿ ಸೊಪ್ಪು ಕಿತ್ತು ತಂದು ಕೈಯಲ್ಲಿ ಹೊಸಕಿ ಗಾಯಕ್ಕೆ ಹಿಂಡುತ್ತಿದ್ದಳು. ದೇವರ ಕೆಲಸ ದೇವರಿಗೆ, ಸೊಪ್ಪಿನ ಕೆಲಸ ಸೊಪ್ಪಿಗೆ.

ಅಜ್ಜಿಯ ಬಳಿ ಇಲ್ಲದ ಮದ್ದಿರಲಿಲ್ಲ. ಕುಯ್ದ ಗಾಯಕ್ಕೆ ಅರಿಶಿನ, ಸುಟ್ಟ ಗಾಯಕ್ಕೆ ದೋಸೆಹಿಟ್ಟು ಇಲ್ಲವೇ ಜೇನು, ಒಡೆದ ಹಿಮ್ಮಡಿಗೆ ಹರಳೆಣ್ಣೆ, ಕುರುವಿಗೆ ಬಿಸಿ ಮಾಡಿದ ವೀಳ್ಯದೆಲೆ. ಬೀದಿಯವರೆಲ್ಲ ಅವಳ ಬಳಿಗೇ ಬರುತ್ತಿದ್ದರು. ಊರಿನಲ್ಲಿ ಓದಿದ ಪಂಡಿತರಿರಲಿಲ್ಲವೆಂದಲ್ಲ. ಮೈಸೂರಿನಲ್ಲಿ ಸರ್ಕಾರದ ಆಯುರ್ವೇದ ಕಾಲೇಜು 1908ರಲ್ಲೇ ಶುರುವಾಗಿತ್ತು. 1913ರಲ್ಲಿ ಬಿ.ವಿ. ಪಂಡಿತರು ನಂಜನಗೂಡಿನಲ್ಲಿ ಸದ್ವೈದ್ಯಶಾಲೆ ತೆರೆದರು. ಅವರ ಹಲ್ಲುಪುಡಿಯಿಂದಾಗಿ ಊರಿನ ಹೆಸರು ನಾಡಿನ ಬಚ್ಚಲುಮನೆಗಳಲ್ಲೆಲ್ಲ ಕೇಳಿಬಂತು. ಕೈಯಳತೆಯ ಮದ್ದು ಅಲ್ಲಿ ತೂಕಕ್ಕೆ, ಪೊಟ್ಟಣಕ್ಕೆ, ಬರೆದಿಟ್ಟ ಕ್ರಮಕ್ಕೆ ಬಂತು. ಅಜ್ಜಿ ಹಲ್ಲುಪುಡಿ ಕೊಳ್ಳುತ್ತಿದ್ದಳು. ಗಾಯದ ವಿಷಯದಲ್ಲಿ ಮಾತ್ರ ತನ್ನ ಹಿತ್ತಿಲನ್ನೇ ನಂಬಿದ್ದಳು.

ಅವಳು ಹಿಂಡುತ್ತಿದ್ದ ಆ ಸೊಪ್ಪನ್ನು ನೀವೂ ನೋಡಿರುತ್ತೀರಿ. ಬೇಲಿ ಬುಡದಲ್ಲಿ, ಪಾಳುಗೋಡೆಯ ಮೇಲೆ ಹಬ್ಬುವ ಒರಟು ಎಲೆಯ ಗಿಡ. ಉದ್ದನೆಯ ಕಡ್ಡಿಯ ತುದಿಯಲ್ಲಿ ಹಳದಿ ನಡುವಿನ, ಬಿಳಿ ಎಸಳಿನ ಪುಟ್ಟ ಹೂ. ಅಜ್ಜಿಗೆ ಅದು ಬರೀ 'ಗಾಯದ ಸೊಪ್ಪು'. ಸಸ್ಯಶಾಸ್ತ್ರದವರಿಗೆ ಟ್ರೈಡಾಕ್ಸ್ ಪ್ರೊಕಂಬೆನ್ಸ್. ಋಷಿಮುನಿಗಳ ಕಾಲದಿಂದ ಬಂದದ್ದೆಂದು ನಾನು ಬಹಳ ವರ್ಷ ತಿಳಿದಿದ್ದೆ. ಆಮೇಲೆ ಓದಿದೆ, ಅದರ ತವರು ಅಮೆರಿಕ ಖಂಡದ ಉಷ್ಣ ಸೀಮೆ! ಮೆಣಸಿನಕಾಯಿಯ ಹಾಗೆ, ಸೀಬೆಹಣ್ಣಿನ ಹಾಗೆ ಕಡಲು ದಾಟಿ ಬಂದ ಗಿಡ. ಅಂದರೆ ನಮ್ಮ ಯಾವುದೋ ಮುತ್ತಜ್ಜಿಗೆ ಅದು ಗುರುತಿಲ್ಲದ ಹೊಸ ಕಳೆ. ಅವಳು ಅದನ್ನು ಕಿತ್ತು, ಮೂಸಿ, ಹೊಸಕಿ ಯಾರದೋ ಗಾಯದ ಮೇಲೆ ಹಿಂಡಿ ನೋಡಿರಬೇಕು. ಪರಂಪರೆ ಎಂದು ನಾವು ಕೈಮುಗಿಯುವುದರ ಬುಡದಲ್ಲೂ ಒಂದು ಪರೀಕ್ಷೆಯಿದೆ. ಆ ಪರೀಕ್ಷೆ ಮಾಡಿದವಳ ಹೆಸರು ಮಾತ್ರ ಎಲ್ಲೂ ಇಲ್ಲ.

ಗ್ರಂಥಗಳಲ್ಲಿ ಗಾಯದ ವಿಚಾರ ಕಡಿಮೆಯೇನಿಲ್ಲ. ಸುಶ್ರುತ ಸಂಹಿತೆ ವ್ರಣಕ್ಕೆ 60 ಬಗೆಯ ಉಪಚಾರ ಹೇಳುತ್ತದೆ. ತೊಳೆಯುವುದು, ಲೇಪ ಹಾಕುವುದು, ಕಟ್ಟು ಕಟ್ಟುವುದು, ಜೇನು ತುಪ್ಪಗಳನ್ನು ಬಳಸುವುದು ಎಲ್ಲ ಅದರಲ್ಲುಂಟು. ಗಾಯಾಳುವಿನ ಮನೆ ಚೊಕ್ಕಟವಾಗಿರಬೇಕು, ಬೇವು ಸಾಸಿವೆಗಳ ಹೊಗೆ ಹಾಕಬೇಕು ಎಂದೂ ಇದೆ. ಎಷ್ಟೋ ಕಣ್ಣುಗಳು ಎಷ್ಟೋ ಕಾಲ ನೋಡಿದ್ದರ ಸಾರ ಅದು. ಆದರೆ ಈ ಲೇಪ ಆ ಲೇಪಕ್ಕಿಂತ ಮೇಲೋ, ಏನೂ ಹಚ್ಚದಿದ್ದರೆ ಏನಾಗುತ್ತಿತ್ತು ಎಂಬ ಲೆಕ್ಕ ಬೇರೆ. ಈ ಲೆಕ್ಕವಿಲ್ಲದಿದ್ದರೆ ಎಂಥ ಮೋಸವಾಗುತ್ತದೆ ಎಂಬುದಕ್ಕೆ ಯೂರೋಪಿನಲ್ಲಿ ನಡೆದ ಒಂದು ತಮಾಷೆ ಸಾಕು. 17ನೆಯ ಶತಮಾನದಲ್ಲಿ ಅಲ್ಲಿ ಕತ್ತಿಮುಲಾಮು ಎಂಬ ಚಿಕಿತ್ಸೆಗೆ ಬಲು ಹೆಸರಿತ್ತು. ಗಾಯಕ್ಕಲ್ಲ, ಗಾಯ ಮಾಡಿದ ಕತ್ತಿಗೆ ಮುಲಾಮು ಹಚ್ಚುವುದು! ಗಾಯವನ್ನು ತೊಳೆದು ಬಟ್ಟೆ ಸುತ್ತಿ ಸುಮ್ಮನೆ ಬಿಡುತ್ತಿದ್ದರು. ಅದು ಚೆನ್ನಾಗಿ ವಾಸಿಯಾಗುತ್ತಿತ್ತು. ಆಗಿನ ಲೇಪಗಳ ಕೊಳಕು ತಗಲದೆ ಉಳಿಯಿತಲ್ಲ, ಅದಕ್ಕೆ. ಹೆಸರು ಬಂದದ್ದು ಕತ್ತಿಯ ಮೇಲಿನ ಮುಲಾಮಿಗೆ.

ಇದಕ್ಕೂ ಮುಂಚೆ, 1537ರ ಸುಮಾರಿನಲ್ಲಿ, ಆಂಬ್ರಾಸ್ ಪಾರೆ ಎಂಬ ಫ್ರಾನ್ಸಿನ ಯುವಕ ಯುದ್ಧಭೂಮಿಯಲ್ಲಿ ಶಸ್ತ್ರವೈದ್ಯನಾಗಿದ್ದ. ಗುಂಡೇಟಿನ ಗಾಯದಲ್ಲಿ ಸಿಡಿಮದ್ದಿನ ವಿಷ ಇರುತ್ತದೆಂದು ಕುದಿಯುವ ಎಣ್ಣೆ ಹುಯ್ಯುವುದು ಆಗಿನ ಪದ್ಧತಿ. ಒಂದು ದಿನ ಎಣ್ಣೆ ಮುಗಿದುಹೋಯಿತು. ಉಳಿದವರಿಗೆ ಬೇರೆ ದಾರಿಯಿಲ್ಲದೆ ಮೊಟ್ಟೆಯ ಹಳದಿ, ಗುಲಾಬಿ ಎಣ್ಣೆ, ಟರ್ಪೆಂಟೈನು ಕಲಸಿ ಹಚ್ಚಿದ. ಇವರೆಲ್ಲ ಬೆಳಗಾಗುವಷ್ಟರಲ್ಲಿ ಸತ್ತಿರುತ್ತಾರೆಂದು ಹೆದರಿ ರಾತ್ರಿ ನಿದ್ದೆ ಮಾಡಲಿಲ್ಲ. ನಸುಕಿನಲ್ಲೇ ಎದ್ದು ಹೋಗಿ ನೋಡಿದರೆ ಅವರು ಹಾಯಾಗಿದ್ದಾರೆ. ಎಣ್ಣೆ ಹುಯ್ಯಿಸಿಕೊಂಡವರೇ ಜ್ವರ, ಊತ, ನೋವಿನಿಂದ ನರಳುತ್ತಿದ್ದಾರೆ. ಅಂದಿನಿಂದ ಕುದಿಯುವ ಎಣ್ಣೆಯನ್ನು ಕೈಬಿಟ್ಟೆ ಎಂದು ಅವನೇ ಬರೆದಿಟ್ಟಿದ್ದಾನೆ.

ಅವನದೇ ಇನ್ನೊಂದು ಪ್ರಸಂಗ ನನಗೆ ಹೆಚ್ಚು ಇಷ್ಟ. ಒಬ್ಬ ಅಡುಗೆಹುಡುಗ ಕಾದ ಎಣ್ಣೆಯ ಕೊಪ್ಪರಿಗೆಗೆ ಬಿದ್ದ. ಪಾರೆ ಸುಟ್ಟಗಾಯದ ಮದ್ದು ತರಲು ಔಷಧಿ ಅಂಗಡಿಗೆ ಹೋದಾಗ ಅಲ್ಲಿದ್ದ ಒಬ್ಬ ಹಳ್ಳಿ ಮುದುಕಿ, "ಹಸಿ ಈರುಳ್ಳಿ ಜಜ್ಜಿ ಚೂರು ಉಪ್ಪು ಸೇರಿಸಿ ಹಾಕು, ಬೊಬ್ಬೆ ಏಳುವುದಿಲ್ಲ" ಎಂದಳು. ಓದಿದ ವೈದ್ಯನಾದರೆ ನಗುತ್ತಿದ್ದ. ಪಾರೆ ಹಾಕಿ ನೋಡಿದ. ಈರುಳ್ಳಿ ಹಾಕಿದ ಜಾಗದಲ್ಲಿ ಬೊಬ್ಬೆಯಿಲ್ಲ, ಹಾಕದ ಜಾಗದಲ್ಲಿ ಇದೆ. ಅಷ್ಟಕ್ಕೇ ನಂಬಲಿಲ್ಲ. ಮುಂದೆ ಮದ್ದಿನಪುಡಿ ಸಿಡಿದು ಮುಖ ಸುಟ್ಟುಕೊಂಡ ಒಬ್ಬ ಸೈನಿಕ ಬಂದಾಗ, ಮುಖದ ಅರ್ಧಕ್ಕೆ ಈರುಳ್ಳಿ, ಇನ್ನರ್ಧಕ್ಕೆ ಮಾಮೂಲಿ ಮುಲಾಮು ಹಾಕಿ ಎರಡನ್ನೂ ಹೋಲಿಸಿದ. ಅದೇ ಮನುಷ್ಯ, ಅದೇ ಬೆಂಕಿ, ಅದೇ ದಿನ. ಬೇರೆಯಾದದ್ದು ಮದ್ದು ಮಾತ್ರ. ಗಾಯದ ಮದ್ದನ್ನು ಪರೀಕ್ಷಿಸುವ ನ್ಯಾಯವಾದ ದಾರಿ ಇದೇ. ಪಾರೆಯ ಹೆಸರು ಚರಿತ್ರೆಯಲ್ಲಿ ಉಳಿಯಿತು. ಆ ಮುದುಕಿ ಬರೀ ಮುದುಕಿಯಾಗಿಯೇ ಉಳಿದಳು. ಇದನ್ನು ಓದಿ ನೀವು ಈಗ ಸುಟ್ಟಗಾಯಕ್ಕೆ ಈರುಳ್ಳಿ ಜಜ್ಜಲು ಹೋಗಬೇಡಿ. ಒಂದು ಮುಖದ ಎರಡು ಕೆನ್ನೆ ಸಾಲದು, ನೂರಾರು ಜನರನ್ನು ನೋಡಬೇಕು ಎಂಬುದು ಆಮೇಲೆ ಲೋಕ ಕಲಿತ ಪಾಠ.

ನಮ್ಮ ಅರಿಶಿನದ ಮಾತಿಗೆ ಬರುತ್ತೇನೆ. 1995ರಲ್ಲಿ ಅಮೆರಿಕದ ಮಿಸಿಸಿಪಿ ವಿಶ್ವವಿದ್ಯಾಲಯದ ಇಬ್ಬರಿಗೆ, ಅವರೂ ಭಾರತ ಮೂಲದವರೇ, ಗಾಯ ವಾಸಿಮಾಡಲು ಅರಿಶಿನ ಬಳಸುವುದರ ಮೇಲೆ ಪೇಟೆಂಟು ಸಿಕ್ಕಿತು. ಚಾಮರಾಜನಗರ, ಗುಂಡ್ಲುಪೇಟೆಯ ಹೊಲಗಳಲ್ಲಿ ಅರಿಶಿನ ಬೆಳೆಯುವವರ ನೆರೆಯವರಾದ ನಮಗೆ ಸಿಟ್ಟು ಬರದಿರುತ್ತದೆಯೆ? ನಮ್ಮ ದೇಶದ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿ 1996ರಲ್ಲಿ ಆಕ್ಷೇಪಣೆ ಹೂಡಿತು. ಆಗ ಅದರ ಮುಖ್ಯಸ್ಥರಾಗಿದ್ದವರು ಆರ್.ಎ. ಮಾಶೇಲ್ಕರ್. ಹಳೆಯ ಗ್ರಂಥಗಳು, ಭಾರತೀಯ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ 1953ರಲ್ಲಿ ಬಂದ ಲೇಖನ ಸೇರಿ 32 ದಾಖಲೆಗಳನ್ನು ಮಂಡಳಿ ಮುಂದಿಟ್ಟಿತು. 1997ರಲ್ಲಿ ಅಮೆರಿಕದ ಪೇಟೆಂಟು ಕಛೇರಿ ಆ ಹಕ್ಕುಗಳನ್ನು ತಳ್ಳಿಹಾಕಿತು. ಅಂದು ನಾವೆಲ್ಲ ಹಿಗ್ಗಿದೆವು. ಅಜ್ಜಿ ಇದ್ದಿದ್ದರೆ "ನಮ್ಮ ಹಿತ್ತಿಲಿಗೆ ಅವರದೇನು ಬೇಲಿ?" ಎನ್ನುತ್ತಿದ್ದಳು.

ಒಂದು ಸೂಕ್ಷ್ಮ ನನಗೆ ಹೊಳೆದದ್ದು ಎಷ್ಟೋ ವರ್ಷದ ಮೇಲೆ. ಆ ವ್ಯಾಜ್ಯದಲ್ಲಿ ಗೆದ್ದದ್ದು ಅರಿಶಿನದ ಬಳಕೆ ಹೊಸದಲ್ಲ ಎಂಬ ವಾದ. ಅರಿಶಿನ ಹಚ್ಚಿದರೆ ಗಾಯ ಬೇಗ ವಾಸಿಯಾಗುತ್ತದೆ ಎಂದು ಯಾರೂ ಅಲ್ಲಿ ತೀರ್ಪು ಕೊಡಲಿಲ್ಲ. ಹಳೆಯದು ಎಂಬುದು ಒಂದು ಸಂಗತಿ, ಗುಣವಾಗುತ್ತದೆ ಎಂಬುದು ಇನ್ನೊಂದು. ಅರಿಶಿನದ ಹಳದಿ ಬಣ್ಣದ ಕರ್ಕ್ಯುಮಿನ್‌ಗೆ ಬ್ಯಾಕ್ಟೀರಿಯಾ ತಡೆಯುವ ಶಕ್ತಿಯಿದೆ ಎಂದು 1949ರಲ್ಲೇ ಪ್ರಯೋಗಶಾಲೆಯ ಗಾಜಿನಲ್ಲಿ ಕಂಡಿದ್ದಾರೆ. ಆದರೆ ಗಾಜಿನ ತಟ್ಟೆ ಬೇರೆ, ಮನುಷ್ಯರ ಹೆಬ್ಬೆರಳು ಬೇರೆ. ಅಡುಗೆಮನೆಯ ಅರಿಶಿನದ ಡಬ್ಬಿ ಇನ್ನೂ ಬೇರೆ. ಒದ್ದೆ ಚಮಚ, ಸಾಸಿವೆ ಕಾಳು, ಒಮ್ಮೊಮ್ಮೆ ಅಂಗಡಿಯವನು ಬೆರೆಸಿದ ಬಣ್ಣ, ಎಲ್ಲವೂ ಅದರಲ್ಲಿರುತ್ತವೆ.

ಅಜ್ಜಿಯ ಗಾಯದ ಸೊಪ್ಪೂ ಪ್ರಯೋಗಶಾಲೆಗೆ ಹೋಯಿತು. 1990ರ ದಶಕದಲ್ಲಿ ಮಣಿಪಾಲದ ವೈದ್ಯಕೀಯ ಕಾಲೇಜಿನವರು ಅದರ ಸಾರವನ್ನು ಇಲಿಗಳ ಗಾಯದ ಮೇಲೆ ಪರೀಕ್ಷಿಸಿದರು. ಇಂಥ ಪರೀಕ್ಷೆಗಳ ಕ್ರಮ ಕೇಳಿದರೆ ಕಸೂತಿಯ ನೆನಪಾಗುತ್ತದೆ. ಒಂದೇ ಅಳತೆಯ ಗಾಯ ಮಾಡಿ, ಕೆಲವು ಇಲಿಗಳಿಗೆ ಮದ್ದು, ಕೆಲವಕ್ಕೆ ಏನೂ ಇಲ್ಲ. ಕೆಲವು ದಿನಕ್ಕೊಮ್ಮೆ ಗಾಯದ ಮೇಲೆ ಪಾರದರ್ಶಕ ಹಾಳೆಯಿಟ್ಟು ಅಂಚನ್ನು ಬರೆದುಕೊಂಡು, ಗ್ರಾಫ್ ಹಾಳೆಯ ಚೌಕಗಳನ್ನು ಎಣಿಸುತ್ತಾರೆ. ಕೂಡಿದ ಚರ್ಮ ಎಷ್ಟು ಎಳೆದರೆ ಬಿಡುತ್ತದೆ ಎಂದು ತೂಕ ಕಟ್ಟಿ ಅಳೆಯುತ್ತಾರೆ. ಸೊಪ್ಪಿನಲ್ಲಿ ಗುಣವುಂಟೆಂದು ಕೆಲವು ಪರೀಕ್ಷೆಗಳಲ್ಲಿ ಕಂಡಿತು. ಆದರೆ ಇಲಿಯ ಚರ್ಮ ಸಡಿಲ, ಅದರ ಗಾಯ ಬಹುಮಟ್ಟಿಗೆ ಸುಕ್ಕಿ ಮುಚ್ಚಿಕೊಳ್ಳುತ್ತದೆ. ನಮ್ಮದು ಅಂಚಿನಿಂದ ಹೊಸ ಚರ್ಮ ಹಬ್ಬಿ ತುಂಬಬೇಕು. ಹಾಗಾಗಿ ಇಲಿಗೆ ಬಂದದ್ದು ನಮಗೂ ಬಂದೀತೆಂದು ಆಣೆಯಿಡುವಂತಿಲ್ಲ.

ಮನುಷ್ಯರ ಮೇಲೆ ನಡೆದ ಪರೀಕ್ಷೆಗಳೂ ಇವೆ. ನಮ್ಮ ನೆರೆಯ ಸೊಲ್ಲಾಪುರದ ಶಸ್ತ್ರವೈದ್ಯ ಎಂ. ಸುಬ್ರಹ್ಮಣ್ಯಂ 1991ರಲ್ಲಿ 104 ಜನ ಸುಟ್ಟಗಾಯದವರಲ್ಲಿ ಅರ್ಧ ಜನಕ್ಕೆ ಜೇನು, ಅರ್ಧ ಜನಕ್ಕೆ ಆಸ್ಪತ್ರೆಯ ಬೆಳ್ಳಿ ಮುಲಾಮು ಹಾಕಿ ನೋಡಿದ್ದನ್ನು ಪ್ರಕಟಿಸಿದರು. ಜೇನಿನದೇ ಮೇಲುಗೈಯಾಯಿತು. ಮುಂದೆ ಇಂಥ ಪರೀಕ್ಷೆಗಳನ್ನೆಲ್ಲ ಒಟ್ಟಿಗಿಟ್ಟು ತೂಗಿದವರೂ ಮೇಲ್ಮೈ ಸುಟ್ಟಗಾಯಕ್ಕೆ ಕೆಲವು ಮಾಮೂಲಿ ಕಟ್ಟುಗಳಿಗಿಂತ ಜೇನು ನಾಲ್ಕೈದು ದಿನ ಬೇಗ ಎಂದರು. ಮುಂಬಯಿಯ ವೈದ್ಯರು ಬಾಳೆಲೆಯನ್ನೇ ಶುದ್ಧಮಾಡಿ, ಚರ್ಮ ತೆಗೆದ ಜಾಗಕ್ಕೆ ಕಟ್ಟಿ ವ್ಯಾಸಲೀನ್ ಗಾಜಿನೊಂದಿಗೆ ಹೋಲಿಸಿದರು. ಬಾಳೆಲೆ ಬಿಚ್ಚುವಾಗ ನೋವೇ ಇಲ್ಲ, ಖರ್ಚೂ ಅತ್ತತ್ತ. ರಸಬಾಳೆಯ ಊರಿನವಳಾದ ನನಗೆ ಅದನ್ನು ಓದಿ ಒಳಗೊಳಗೇ ಹೆಮ್ಮೆಯಾಯಿತು.

ನಮ್ಮ ದಿನನಿತ್ಯದ ಸಣ್ಣ ಗಾಯಕ್ಕೆ ಬೇಕಾದ ಪಾಠ ಕಲಿಸಿದವು ಬೇರೆ ಎರಡು ಪರೀಕ್ಷೆ. 1962ರಲ್ಲಿ ಜಾರ್ಜ್ ವಿಂಟರ್ ಎಂಬಾತ ಹಂದಿಯ ಚರ್ಮದ ಮೇಲೆ ತೋರಿಸಿಕೊಟ್ಟ: ಗಾಳಿಗೆ ಬಿಟ್ಟು ಹೆಕ್ಕಳೆ ಕಟ್ಟಿದ ಗಾಯಕ್ಕಿಂತ, ಪಸೆ ಆರದಂತೆ ಮುಚ್ಚಿದ ಗಾಯದಲ್ಲಿ ಹೊಸ ಚರ್ಮ ಸುಮಾರು ಎರಡರಷ್ಟು ಬೇಗ ಹಬ್ಬುತ್ತದೆ. "ಗಾಯಕ್ಕೆ ಗಾಳಿ ಆಡಲಿ" ಎಂದು ನಾವು ಹೇಳುತ್ತಿದ್ದ ಮಾತು ಅಲ್ಲಿಗೆ ಬಿತ್ತು. 1996ರಲ್ಲಿ ಅಮೆರಿಕದಲ್ಲಿ ಸಣ್ಣ ಚರ್ಮದ ಶಸ್ತ್ರಚಿಕಿತ್ಸೆ ಆದ 900ಕ್ಕೂ ಹೆಚ್ಚು ಜನರಲ್ಲಿ ಕೆಲವರಿಗೆ ಆಂಟಿಬಯಾಟಿಕ್ ಮುಲಾಮು, ಕೆಲವರಿಗೆ ಬರೀ ಬಿಳಿ ವ್ಯಾಸಲೀನ್ ಹಚ್ಚಿಸಿದರು. ನಂಜಾದವರ ಸಂಖ್ಯೆ ಎರಡರಲ್ಲೂ ಬಹಳ ಕಡಿಮೆ, ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಮುಲಾಮು ಹಚ್ಚಿಕೊಂಡವರಲ್ಲಿ ಕೆಲವರಿಗೆ ಅಲರ್ಜಿ ಆಯಿತು, ವ್ಯಾಸಲೀನಿನವರಿಗೆ ಅದೂ ಇಲ್ಲ. ಅಂದರೆ ಚೊಕ್ಕಟವಾಗಿ ತೊಳೆದು, ಪಸೆ ಆರದಂತೆ ಮುಚ್ಚಿಟ್ಟರೆ ಉಳಿದದ್ದನ್ನು ಮೈಯೇ ನೋಡಿಕೊಳ್ಳುತ್ತದೆ.

ಇದನ್ನು ಓದಿದ ದಿನ ನನಗೆ ನರಸೀಪುರದ ಅತ್ತೆಯ ಗೋಡೆ ನೆನಪಾಯಿತು. ಈ ಪ್ರಬಂಧಕ್ಕೆ ಕೂತದ್ದೂ ಅದಕ್ಕಾಗಿಯೇ.

ಅತ್ತೆ ನಮ್ಮಜ್ಜಿಯ ಮಗಳು, ನಮ್ಮ ತಂದೆಯ ಅಕ್ಕ. ಇಪ್ಪತ್ತೆಂಟಕ್ಕೇ ಗಂಡ ಹೋದ, ಎರಡು ಮಕ್ಕಳು. ನರಸೀಪುರದಲ್ಲಿ ಒಬ್ಬರ ಕೊಟ್ಟಿಗೆಯಲ್ಲಿ ರೇಷ್ಮೆ ನೂಲು ಬಿಚ್ಚುವ ಚರಕಗಳಿದ್ದವು. ಅಲ್ಲಿ ಕೂಲಿಗೆ ಹೋಗುತ್ತಿದ್ದಳು. ಮೈಸೂರು ರೇಷ್ಮೆಯ ಸೀರೆಯನ್ನು ನಾವೆಲ್ಲ ಉಟ್ಟಿದ್ದೇವೆ. ಅದರ ಎಳೆ ಗೂಡಿನಿಂದ ಬರುವುದು ಹೇಗೆಂದು ನೋಡಿದವರು ಕಡಿಮೆ. ಗೂಡನ್ನು ಬೇಯಿಸಿ, ಹಬೆಯಾಡುವ ನೀರಿಗೆ ಬೆರಳಿಟ್ಟು ಎಳೆಯ ತುದಿ ಹುಡುಕಬೇಕು. ಬೆಳಗಿನಿಂದ ಸಂಜೆಯವರೆಗೆ ಅದೇ ನೀರು, ಅದರಲ್ಲಿ ಸತ್ತ ಹುಳುವಿನ ನಾತ. ಬೆರಳು ನೆನೆದು ನೆನೆದು ಬೆಳ್ಳಗಾಗಿ ಸಿಪ್ಪೆ ಏಳುತ್ತದೆ, ಸಂದುಗಳು ಬಿರಿಯುತ್ತವೆ, ಬೊಬ್ಬೆ ಒಡೆದು ನಂಜಾಗುತ್ತದೆ. ಅನ್ನ ಕಲಸಿದರೆ ಉಪ್ಪು ಖಾರ ತಾಗಿ ಅತ್ತೆ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು.

1964ರ ಬೇಸಿಗೆ ರಜದಲ್ಲಿ ನಾನು ಅವಳ ಮನೆಗೆ ಹೋಗಿದ್ದೆ. ನನಗೆ ಹತ್ತು ವರ್ಷ. ಒಲೆಯ ಪಕ್ಕದ ಗೋಡೆಯ ಮೇಲೆ ಇದ್ದಿಲಿನಿಂದ ಎರಡು ಸಾಲು ಗೆರೆ ಎಳೆದಿತ್ತು.

"ಹಾಲಿನ ಲೆಕ್ಕವಾ ಅತ್ತೆ?"

"ಅಲ್ಲ ಕನವ್ವ, ಕೈ ಲೆಕ್ಕ."

ಅಜ್ಜಿ ಗಾಯದ ಸೊಪ್ಪು, ಅರಿಶಿನ ಹಾಕಿ ಕಾಯಿಸಿದ ಎಣ್ಣೆಯನ್ನು ಒಂದು ಸಣ್ಣ ಸೀಸೆಯಲ್ಲಿ ಕಳಿಸಿದ್ದಳು. ಅದು ಎರಡು ಕೈಗೆ ಬಹಳ ದಿನ ಸಾಲದು. ಹಾಗಾಗಿ ಅತ್ತೆ ಬಲಗೈಗೆ ಅಮ್ಮನ ಎಣ್ಣೆ, ಎಡಗೈಗೆ ಬರೀ ಹರಳೆಣ್ಣೆ ಹಚ್ಚತೊಡಗಿದಳು. ಪಾರೆಯ ಎಣ್ಣೆ ಮುಗಿದ ಹಾಗೆ ಇವಳದು ಸಾಲದೆ ಹೋದದ್ದು. ರಾತ್ರಿ ದೀಪದ ಮುಂದೆ ಎರಡೂ ಕೈ ಚಾಚಿ, ಬಾಯಿಬಿಟ್ಟ ಬಿರುಕಿಗೊಂದರಂತೆ ಗೋಡೆಯ ಮೇಲೆ ಗೆರೆ ಹಾಕುತ್ತಿದ್ದಳು. ಅಕ್ಷರ ಬಾರದವಳು. ಪಾರೆಯ ಹೆಸರು ಅವಳಿಗೆಲ್ಲಿ ಗೊತ್ತು?

"ಯಾವ್ದು ಮೇಲು ಅತ್ತೆ?" ಎಂದು ಕೇಳಿದೆ.

ಅವಳು ಗೋಡೆ ತೋರಿಸಿದಳು. ಎರಡು ಸಾಲೂ ಹೆಚ್ಚುಕಡಿಮೆ ಒಂದೇ ಸಮ. ಆದರೆ ನಡುವೆ ಒಂದು ಕಡೆ ಎರಡು ಸಾಲಿನಲ್ಲೂ ಗೆರೆಗಳು ಇಳಿದು, ಕಡೆಗೆ ಒಂದೊಂದೇ ಉಳಿದಿದ್ದವು.

"ಅದು ಗೂಡು ಬರದೆ ಚರಕ ನಿಂತಿದ್ದ ವಾರ. ಮದ್ದು ಯಾವ್ದಾದ್ರೇನವ್ವ, ಕೈಗೆ ರಜ ಬೇಕು. ರಜದಲ್ಲಿ ಕೂಲಿ ಕೊಡೋರ್ಯಾರು?"

ಆಗ ನನಗೆ ಅದು ತಿಳಿಯಲಿಲ್ಲ. ಈಗ ಯೋಚಿಸಿದರೆ ಅವಳ ಪರೀಕ್ಷೆ ಎಷ್ಟು ನಿಷ್ಠುರವಾಗಿತ್ತು ಎನಿಸುತ್ತದೆ. ಮದ್ದಿನ ಗುಣವನ್ನು ಮಾತ್ರವಲ್ಲ, ಗಾಯದ ಕಾರಣವನ್ನೂ ಅದು ಹೇಳಿಬಿಟ್ಟಿತು. ಆ ಉತ್ತರವನ್ನು ಕೊಳ್ಳುವ ಶಕ್ತಿ ಅವಳಿಗಿರಲಿಲ್ಲ. ಮಾರನೆಯ ಬೆಳಿಗ್ಗೆ ಅದೇ ನೀರಿಗೆ ಅದೇ ಕೈ ಇಟ್ಟಳು. ನಂಜನಗೂಡಿಗೆ ಬಂದಾಗ ಅಜ್ಜಿ, "ಎಣ್ಣೆ ಹೇಗಿತ್ತೇ?" ಎಂದರೆ "ಹಿತವಾಗಿತ್ತು ಕನಮ್ಮ" ಎಂದಳು. ಅದು ಸುಳ್ಳಲ್ಲ. ಹಿತವಾಗಿಯೇ ಇದ್ದಿರಬೇಕು.

ಅತ್ತೆಗೆ ಈ ಎಣಿಸುವ ಬುದ್ಧಿ ಎಲ್ಲಿಂದ ಬಂತೆಂದು ನನಗೆ ತಿಳಿದದ್ದು ಬಹಳ ವರ್ಷದ ಮೇಲೆ, ಅಜ್ಜಿ ತೀರಿಕೊಂಡ ನಂತರ. ಅತ್ತೆಗೂ ನಮ್ಮ ತಂದೆಗೂ ಒಬ್ಬ ತಮ್ಮನಿದ್ದನಂತೆ. ಏಳು ವರ್ಷದವನು ಎತ್ತಿನ ಲಾಳದ ಮೊಳೆ ತುಳಿದ. ಅಜ್ಜಿ ಮೊಳೆ ಕಿತ್ತು, ಅರಿಶಿನದ ಜೊತೆ ಸಗಣಿ ಮೆತ್ತಿ ಬಟ್ಟೆ ಕಟ್ಟಿದಳು. ಎಷ್ಟೋ ಜನಕ್ಕೆ ಹಾಗೇ ಕಟ್ಟಿದ್ದಳು, ಅವರೆಲ್ಲ ಓಡಾಡಿಕೊಂಡಿದ್ದರು. ಒಂಬತ್ತನೆಯ ದಿನ ಹುಡುಗನ ದವಡೆ ಕಚ್ಚಿಕೊಂಡಿತು, ಬೆನ್ನು ಬಿಲ್ಲಿನಂತೆ ಬಾಗಿತು. ಹನ್ನೊಂದನೆಯ ದಿನ ಹೋಗಿಬಿಟ್ಟ. ಗಾಳಿ ಸೋಕಿತು ಎಂದರು ಬೀದಿಯವರು. ಧನುರ್ವಾಯುವಿನ ಬೀಜ ಮಣ್ಣಿನಲ್ಲೂ ಇರುತ್ತದೆ, ಸಗಣಿಯಲ್ಲೂ ಇರುತ್ತದೆ. ಮೊಳೆಯಿಂದ ಬಂತೋ, ಮೆತ್ತಿದ್ದರಿಂದ ಬಂತೋ ಈಗ ಹೇಳುವಂತಿಲ್ಲ.

"ಅಮ್ಮ ವಾಸಿಯಾದೋರ್ನೆಲ್ಲ ಎಣಿಸೋಳು ಕನವ್ವ. ಅವನ್ನ ಮಾತ್ರ ಎಣಿಸ್ನಿಲ್ಲ. ಅದಕ್ಕೇ ನಾನು ಎರಡು ಕಡೆಯೂ ಎಣಿಸೋದು" ಎಂದಳು ಅತ್ತೆ.

ಮನೆಮದ್ದಿನ ದೊಡ್ಡ ಕೊರತೆ ಇದೇ ಇರಬೇಕು. ವಾಸಿಯಾದವರು ಬೀದಿಯಲ್ಲಿ ಸಿಕ್ಕಿ ಹೊಗಳುತ್ತಾರೆ. ಆಗದವರು ಬಂದು ಹೇಳುವುದಿಲ್ಲ. ಹೊಕ್ಕುಳಬಳ್ಳಿಯನ್ನು ಕುಡುಗೋಲಿನಲ್ಲಿ ಕುಯ್ದು ಸಗಣಿಯನ್ನೋ ಬೂದಿಯನ್ನೋ ಹಚ್ಚುತ್ತಿದ್ದ ಕಾಲವಿತ್ತು. ಕೆಲವು ದಶಕಗಳ ಹಿಂದೆ ಈ ದೇಶದಲ್ಲಿ ವರ್ಷಕ್ಕೆ 1.5 ಲಕ್ಷದಿಂದ 2 ಲಕ್ಷ ಹಸುಗೂಸುಗಳಿಗೆ ಧನುರ್ವಾಯು ಬರುತ್ತಿತ್ತೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಬಸುರಿಯರಿಗೆ ಚುಚ್ಚುಮದ್ದು, ಆಸ್ಪತ್ರೆಯ ಹೆರಿಗೆ, ಚೊಕ್ಕಟ ಕೈ, ಚೊಕ್ಕಟ ಬ್ಲೇಡು ಇವುಗಳಿಂದ ಅದು ಇಳಿಯುತ್ತ ಬಂದು, 2015ರಲ್ಲಿ ಭಾರತ ತಾಯಿ ಮತ್ತು ನವಜಾತ ಶಿಶುಗಳ ಧನುರ್ವಾಯುವನ್ನು ತೊಲಗಿಸಿದೆ ಎಂದು ಆ ಸಂಸ್ಥೆಯೇ ಸಾರಿತು. ಆ ಸುದ್ದಿ ಓದಿದಾಗ, ನಾನು ನೋಡದ ಆ ಚಿಕ್ಕಪ್ಪನ ನೆನಪಾಗಿ ಪೇಪರು ಮಡಿಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ.

ಅಜ್ಜಿಯನ್ನು ದೂರಲು ಇದನ್ನೆಲ್ಲ ಬರೆಯುತ್ತಿಲ್ಲ. ಅತ್ತೆಯ ಮಾತು ಕೇಳಿದ ಮೇಲೆ ಒಂದು ಸಂಗತಿ ಹೊಳೆಯಿತು. ನಾನು ಅಜ್ಜಿಯ ಕೈಕೆಳಗೆ ಬೆಳೆದವಳು. ನಮ್ಮ ಬೀದಿಯ ಎಷ್ಟೋ ಗಾಯಗಳಿಗೆ ಅವಳು ಮದ್ದು ಕಟ್ಟಿದ್ದನ್ನು ನೋಡಿದ್ದೇನೆ. ಒಂದು ಸಲವೂ ಸಗಣಿ ಮುಟ್ಟಿಸಿದ್ದನ್ನು ನೋಡಿಲ್ಲ. ಮೊದಲು ಬಿಸಿನೀರಿನಲ್ಲಿ ತೊಳೆಯುತ್ತಿದ್ದಳು. ಮೊಳೆ ತುಳಿದು ಬಂದವರನ್ನಂತೂ ಹೊಸಿಲು ದಾಟಲು ಬಿಡದೆ, "ಆಸ್ಪತ್ರೆಗೆ ಹೋಗಿ ಸೂಜಿ ಹಾಕಿಸ್ಕೋ, ಮೊದಲು ಹೋಗು" ಎಂದು ಗದರಿಸಿ ಕಳಿಸುತ್ತಿದ್ದಳು. ಅವಳೂ ಎಣಿಸಿದ್ದಳು. ಯಾರಿಗೂ ಹೇಳದೆ, ಗೋಡೆಯ ಮೇಲೆ ಬರೆಯದೆ.

ಅತ್ತೆಯೂ ಈಗಿಲ್ಲ. ರೇಷ್ಮೆ ಬಿಚ್ಚಲು ದೊಡ್ಡ ಸ್ವಯಂಚಾಲಿತ ಯಂತ್ರಗಳು ಬಂದಿವೆ. ಹಳೆಯ ಚರಕದ ಮುಂದೆ ಕೂರುವ ಹೆಂಗಸರು ನಮ್ಮ ನಾಡಿನಲ್ಲಿ ಇನ್ನೂ ಇದ್ದಾರೆ. ನರಸೀಪುರಕ್ಕೆ ಹೋದಾಗಲೆಲ್ಲ ಕಪಿಲೆ ಕಾವೇರಿ ಕೂಡುವಲ್ಲಿ ಕಾಲು ತೊಳೆದು ಗುಂಜಾ ನರಸಿಂಹಸ್ವಾಮಿಯ ಗುಡಿಗೆ ಹೋಗುತ್ತೇನೆ. ಆ ದೇವರ ಬೆರಳ ನಡುವೆ ಒಂದು ಗುಲಗಂಜಿಯಿದೆ. ಕಾಶಿಗಿಂತ ಈ ಕ್ಷೇತ್ರ ಒಂದು ಗುಲಗಂಜಿ ತೂಕ ಹೆಚ್ಚು ಎಂದು ಅದರ ಅರ್ಥವಂತೆ. ಅಕ್ಕಸಾಲಿಗರು ಚಿನ್ನ ತೂಗುತ್ತಿದ್ದುದು ಅದೇ ಬೀಜದಿಂದ. ಎರಡು ತಟ್ಟೆ ಇಟ್ಟು ತೂಗದೆ ಹೆಚ್ಚು ಕಡಿಮೆ ಹೇಳುವಂತಿಲ್ಲ ಎಂದು ದೇವರಿಗೂ ಅನ್ನಿಸಿರಬೇಕು. ಅಲ್ಲಿ ನಿಂತಾಗ ನನಗೆ ಕಾಶಿಯ ನೆನಪು ಬರುವುದಿಲ್ಲ. ದೀಪದ ಮುಂದೆ ಚಾಚಿದ ಎರಡು ಕೈಗಳ ನೆನಪು ಬರುತ್ತದೆ.

ಈ ಸಲದ ಹಬ್ಬಕ್ಕೂ ಈಳಿಗೆಮಣೆಯ ಮೇಲೆ ಕೂತೆ, ಈ ಸಲವೂ ಬೆರಳು ತಾಗಿಸಿಕೊಂಡೆ. ವಯಸ್ಸಾಯಿತು, ಕಣ್ಣು ಮಂದ. ನಲ್ಲಿಯ ಕೆಳಗೆ ಬೆರಳಿಟ್ಟು ಚೆನ್ನಾಗಿ ತೊಳೆದೆ, ಒತ್ತಿ ಹಿಡಿದು ರಕ್ತ ನಿಲ್ಲಿಸಿದೆ, ಚೂರು ವ್ಯಾಸಲೀನ್ ಸವರಿ ಪ್ಲಾಸ್ಟರು ಅಂಟಿಸಿದೆ. ಧನುರ್ವಾಯುವಿನ ಸೂಜಿ ಹಾಕಿಸಿ ಹತ್ತು ವರ್ಷವಾಗಿಲ್ಲ ತಾನೆ ಎಂದು ಲೆಕ್ಕ ಹಾಕಿದೆ. ಕೆಲಸದವಳು ಕಾಫಿಪುಡಿ ಡಬ್ಬಿ ಹಿಡಿದು ನಿಂತಿದ್ದಳು. "ಅದರಲ್ಲಿ ಕಾಫಿ ಮಾಡೇ, ಇಬ್ಬರೂ ಕುಡಿಯೋಣ" ಎಂದೆ. ರಾತ್ರಿ ಎಲ್ಲರೂ ಮಲಗಿದ ಮೇಲೆ ಅಭ್ಯಾಸದಂತೆ ಕೈ ಅರಿಶಿನದ ಡಬ್ಬಿಯ ಕಡೆ ಹೋಯಿತು. ಮುಚ್ಚಳ ತೆಗೆದು ಒಮ್ಮೆ ಮೂಸಿದೆ. ನಂಜನಗೂಡಿನ ಮನೆಯೇ ಬಂದ ಹಾಗಾಯಿತು. ಬೆಳಗಿನ ಸಾರಿಗೆ ಇರಲಿ ಎಂದು ಹಾಗೇ ಮುಚ್ಚಿಟ್ಟೆ.